ಬಾಗಿಲು ಮುಚ್ಚಿದ ಮನೆಯ ಲೆಕ್ಕ: ಮಾರ್ಸ್ ಕುಟುಂಬದ ಕುರಿತು ಬರೆದ ನನ್ನ ಅನುಭವ

ಅಮೆರಿಕದ ಮಾರ್ಸ್ ಕುಟುಂಬದ ಕುರಿತು ದೀರ್ಘ ಲೇಖನವೊಂದನ್ನು ಬರೆಯಲು ಒಪ್ಪಿಕೊಂಡಾಗ, ಸ್ನಿಕರ್ಸ್ ಮತ್ತು ಎಂ ಆಂಡ್ ಎಂಸ್ ಚಾಕೊಲೇಟುಗಳನ್ನು ತಯಾರಿಸುವ ಇಷ್ಟು ದೊಡ್ಡ ಕಂಪನಿಯ ವಾರ್ಷಿಕ ವರದಿಗಳನ್ನು ಓದಿದರೆ ಅರ್ಧ ಕೆಲಸ ಮುಗಿದಂತೆ ಎಂದುಕೊಂಡಿದ್ದೆ. ಷೇರುದಾರರಿಗಾಗಿ ಪ್ರಕಟವಾಗುವ ಅಂಥ ವರದಿಗಳೇ ಇರಲಿಲ್ಲ. ಷೇರುಗಳೆಲ್ಲ ಕುಟುಂಬದ ಕೈಯಲ್ಲೇ ಇರುವುದರಿಂದ, ವರ್ಜೀನಿಯಾದ ಮೆಕ್ಲೀನ್‌ನಲ್ಲಿ ಕೇಂದ್ರ ಕಚೇರಿಯಿರುವ ಈ ಕಂಪನಿಗೆ ತನ್ನ ಲಾಭ ನಷ್ಟವನ್ನು ಲೋಕದ ಮುಂದೆ ಬಿಚ್ಚಿಡಬೇಕಾದ ಕಟ್ಟುಪಾಡಿಲ್ಲ.

ಹೀಗಾಗಿ ವಂಶವೃಕ್ಷದಿಂದ ಆರಂಭಿಸಿದೆ, ಮತ್ತು ಅಲ್ಲೇ ಎಡವಿದೆ. 1911ರಲ್ಲಿ ವಾಷಿಂಗ್ಟನ್ ರಾಜ್ಯದ ಟಕೋಮಾದಲ್ಲಿ ಮಿಠಾಯಿ ವ್ಯಾಪಾರ ಶುರುಮಾಡಿದ ಫ್ರಾಂಕ್ ಮಾರ್ಸ್‌ರ ಮೊದಲ ಹೆಂಡತಿಯ ಹೆಸರೂ ಎಥೆಲ್, ಎರಡನೆಯವರ ಹೆಸರೂ ಎಥೆಲ್. ಮಗ ಫಾರೆಸ್ಟ್ ಮುಪ್ಪಿನಲ್ಲಿ ಕಟ್ಟಿದ ಎಥೆಲ್ ಎಂ ಚಾಕೊಲೇಟ್ ಸಂಸ್ಥೆಗೆ ಮಲತಾಯಿಯ ಹೆಸರಿಟ್ಟಿದ್ದಾರೆಂದು ಮೊದಲ ಕರಡಿನಲ್ಲಿ ಬರೆದುಬಿಟ್ಟಿದ್ದೆ. ಅದು ಹೆತ್ತ ತಾಯಿಯ ಹೆಸರು. ಅಂದಿನಿಂದ ಯಾರದೇ ಹೆಸರಿನ ಪಕ್ಕದಲ್ಲಿ ಮದುವೆಯ ವಿವರವನ್ನೂ ಜನನ ಮರಣದ ವರ್ಷಗಳನ್ನೂ ಬರೆದುಕೊಳ್ಳದೆ ಮುಂದೆ ಹೋಗುವುದಿಲ್ಲ.

ತಂದೆ ಮಗನ ಮುನಿಸಿನ ಕಥೆಯನ್ನು ಎಲ್ಲರೂ ಬರೆದಿದ್ದಾರೆ. 1932ರಲ್ಲಿ ಸುಮಾರು 50,000 ಡಾಲರ್ ಮತ್ತು ತಂದೆಯ ಮಿಲ್ಕಿ ವೇ ಚಾಕೊಲೇಟಿನ ವಿದೇಶಿ ಹಕ್ಕು ಪಡೆದು ಹೊರಟ ಫಾರೆಸ್ಟ್, ಇಂಗ್ಲೆಂಡಿನ ಸ್ಲೌ ಪಟ್ಟಣದಲ್ಲಿ ಮಾರ್ಸ್ ಬಾರ್ ತಯಾರಿಸಿದರು. 1934ರಲ್ಲಿ ತಂದೆ ತೀರಿಕೊಂಡರು, 1964ರಲ್ಲಿ ಮಗ ಎರಡೂ ಕಂಪನಿಗಳನ್ನು ಒಂದುಗೂಡಿಸಿದರು. ನನ್ನ ಕುತೂಹಲ ಕೆರಳಿಸಿದ್ದು ನಡುವಿನ ಒಂದು ಪಾಲುದಾರಿಕೆ: ಎಂ ಆಂಡ್ ಎಂಸ್‌ನ ಎರಡನೆಯ ‘ಎಂ’ ಬ್ರೂಸ್ ಮರಿಯವರದು, ಅವರ ತಂದೆ ಪ್ರತಿಸ್ಪರ್ಧಿ ಹರ್ಷಿ ಕಂಪನಿಯ ಅಧ್ಯಕ್ಷರು. ಯುದ್ಧಕಾಲದಲ್ಲಿ ಚಾಕೊಲೇಟಿಗೆ ಅಭಾವವಿದ್ದಾಗ ಈ ನಂಟು ಎಷ್ಟು ಉಪಯೋಗಕ್ಕೆ ಬಂದಿರಬೇಕೆಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಹಣದ ವಿಷಯದಲ್ಲಿ ನನಗೆ ದಾರಿ ತೋರಿದ್ದು ಪಕ್ಕದ ಮನೆಯ ಕಿಟಕಿ. ಮಾರ್ಸ್ ಮಾತನಾಡದಿದ್ದರೂ, ಅದರೊಡನೆ ವ್ಯವಹರಿಸಿದ, ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿಗಳು ಮಾತನಾಡಲೇಬೇಕು. 2008ರಲ್ಲಿ ಚೂಯಿಂಗ್ ಗಮ್ ತಯಾರಿಸುವ ರಿಗ್ಲಿಯನ್ನು ಸುಮಾರು 2,300 ಕೋಟಿ ಡಾಲರಿಗೆ ಕೊಂಡಾಗ, ಷೇರಿಗೆ 80 ಡಾಲರ್ ಬೆಲೆ ಹೇಗೆ ನಿಗದಿಯಾಯಿತೆಂಬುದನ್ನು ರಿಗ್ಲಿ ತನ್ನ ಷೇರುದಾರರಿಗೆ ವಿವರಿಸಬೇಕಾಯಿತು. ಹಣ ಒದಗಿಸಿದವರಲ್ಲಿ ವಾರೆನ್ ಬಫೆಟ್‌ರ ಬರ್ಕ್‌ಶೈರ್ ಹ್ಯಾಥವೇಯೂ ಇದ್ದುದರಿಂದ, 440 ಕೋಟಿ ಡಾಲರಿನ ಸಾಲಪತ್ರಕ್ಕೆ ಶೇ. 11.45 ಬಡ್ಡಿ ಎಂಬ ವಿವರ ಬರ್ಕ್‌ಶೈರ್‌ನ ದಾಖಲೆಗಳಲ್ಲೇ ಸಿಕ್ಕಿತು. ಹೊರಗಿನವರಿಗೆ ಷೇರು ಮಾರದೆ ಉಳಿಯಲು ಒಂದು ಕುಟುಂಬ ಎಷ್ಟು ಬೆಲೆ ತೆರಲು ಸಿದ್ಧವಿತ್ತು ಎಂಬುದನ್ನು ಆ ಬಡ್ಡಿದರದಷ್ಟು ಸ್ಪಷ್ಟವಾಗಿ ಯಾವ ಸಂದರ್ಶನವೂ ನನಗೆ ತಿಳಿಸಿರಲಿಲ್ಲ. ಅನಂತರ 2017ರ ವಿಸಿಎ ಪಶುವೈದ್ಯಾಲಯಗಳ ಖರೀದಿಯನ್ನೂ ಇದೇ ಕ್ರಮದಲ್ಲಿ ಓದಿದೆ.

ಉಳಿದದ್ದು ಸಂಪತ್ತಿನ ಅಂದಾಜು. ಪತ್ರಿಕೆಗಳು ವರ್ಷವರ್ಷವೂ ಛಾಪಿಸುವ ಅಂಕಿಗಳು ಲೆಕ್ಕಪುಸ್ತಕದಿಂದ ಬಂದವಲ್ಲ. ಹರ್ಷಿಯಂಥ ಕಂಪನಿಗಳ ಮಾರುಕಟ್ಟೆ ಬೆಲೆ ಅವುಗಳ ಮಾರಾಟದ ಎಷ್ಟು ಪಟ್ಟು ಇದೆಯೆಂದು ನೋಡಿ, ಅದೇ ಗುಣಕವನ್ನು ಮಾರ್ಸ್‌ಗೆ ಹಚ್ಚಿ, ಸಾಲವನ್ನು ಕಳೆದು ಪಡೆದ ಮೊತ್ತಗಳು. ನಾನೂ ಹಾಗೇ ಮಾಡಿದೆ. ಗುಣಕವನ್ನು ಸ್ವಲ್ಪ ಬದಲಿಸಿದರೂ ಉತ್ತರ ನೂರಾರು ಕೋಟಿ ಡಾಲರುಗಳಷ್ಟು ಜಿಗಿಯುವುದನ್ನು ಕಂಡು, ಒಂದೇ ಅಂಕಿಯ ಬದಲು ಕನಿಷ್ಠ ಮತ್ತು ಗರಿಷ್ಠ ಎರಡನ್ನೂ ಬರೆದು ಕಳುಹಿಸಿದೆ. ಸಂಪಾದಕರು ಶೀರ್ಷಿಕೆಗೆ ಗರಿಷ್ಠವನ್ನೇ ಆರಿಸಿಕೊಂಡರು.