ಮರಪಟ್ಟಿಗಳ ಬಾವುಟ ಜೋಡಿಸಲು ಮನೆಯಲ್ಲೇ ಮಾಡಿಕೊಳ್ಳುವ ಬೆಣೆ ಜಿಗ್

ಅಮೆರಿಕದ ಮನೆಗಳ ಮುಂಬಾಗಿಲ ಪಕ್ಕದಲ್ಲಿ, ಗ್ಯಾರೇಜಿನ ಗೋಡೆಯ ಮೇಲೆ ಆಗಾಗ ಕಣ್ಣಿಗೆ ಬೀಳುವ ಒಂದು ಅಲಂಕಾರವೆಂದರೆ, ಮರದ ಪಟ್ಟಿಗಳನ್ನು ಬೆಂಕಿಯಲ್ಲಿ ಕಪ್ಪಾಗಿಸಿ, ಉಜ್ಜಿ, ಬಣ್ಣ ಕೊಟ್ಟು ಜೋಡಿಸಿದ ಆ ದೇಶದ ಬಾವುಟ. ನೋಟಕ್ಕೆ ಒರಟಾಗಿರುವುದರಿಂದ ಜೋಡಣೆಯೂ ಹೇಗಿದ್ದರೂ ನಡೆಯುತ್ತದೆ ಎಂದು ಹೊಸಬರು ಅಂದುಕೊಳ್ಳುವುದುಂಟು. ಆದರೆ ಒರಟುತನವೆಲ್ಲ ಮೇಲ್ಮೈಗೆ ಸೇರಿದ್ದು. ಅದರ ಕೆಳಗಿನ ಜೋಡಣೆ ಊಟದ ಮೇಜಿನ ಹಲಗೆಯಷ್ಟೇ ನೇರವಾಗಿ, ಸಮತಟ್ಟಾಗಿ ಇರಬೇಕು. ಹದಿಮೂರು ಪಟ್ಟಿಗಳಲ್ಲಿ ಒಂದೊಂದೂ ಕೂದಲೆಳೆಯಷ್ಟು ವಾಲಿದರೂ ಕೊನೆಯ ಪಟ್ಟಿಯ ಹೊತ್ತಿಗೆ ಆ ವಾಲು ಎದ್ದು ಕಾಣುತ್ತದೆ. ಎರಡು ಬದಿಯಿಂದ ಒತ್ತಿ ಹಿಡಿಯುವ ಪೈಪ್ ಕ್ಲ್ಯಾಂಪುಗಳನ್ನು ಬರೀ ಹಾಗೆಯೇ ಹಾಕಿ ಬಿಗಿಮಾಡಿದರೆ ಪಟ್ಟಿಗಳು ನಡುವೆ ಉಬ್ಬಿ ಮೇಲೇಳುತ್ತವೆ. ಒಂದನ್ನು ತಟ್ಟಿ ಕೂರಿಸುವಷ್ಟರಲ್ಲಿ ಇನ್ನೊಂದು ಎದ್ದಿರುತ್ತದೆ. ಇಲ್ಲಿ ವಿವರಿಸುವ ಜಿಗ್ಗಿನ, ಅಂದರೆ ತುಂಡುಗಳನ್ನು ಅವುಗಳ ಜಾಗದಲ್ಲಿ ಹಿಡಿದಿಡುವ ಚೌಕಟ್ಟಿನ, ಕೆಲಸ ಬಿಗಿಮಾಡುವುದಷ್ಟೇ ಅಲ್ಲ. ಪಟ್ಟಿಗಳನ್ನು ಮಟ್ಟವಾಗಿ, ಮೂಲೆಗೆ ಸರಿಯಾಗಿ ಹಿಡಿದಿಡುವುದು ಅದರ ಮುಖ್ಯ ಕೆಲಸ. ಒತ್ತಡದ ಸ್ಥಾನ ಆಮೇಲಿನದು.

ಮೊದಲು ಅಳತೆ. 1959ರ ಆಗಸ್ಟ್‌ನಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಹೊರಡಿಸಿದ 10834ನೇ ಆದೇಶದ ಪ್ರಕಾರ ಬಾವುಟದ ಎತ್ತರ 1 ಇದ್ದರೆ ಉದ್ದ 1.9 ಇರಬೇಕು, ಯೂನಿಯನ್ ಎಂದು ಕರೆಯುವ ನೀಲಿ ಭಾಗದ ಅಗಲ 0.76, ಅದರ ಎತ್ತರ ಏಳು ಪಟ್ಟಿಗಳಷ್ಟು. ಈ ಆದೇಶ ಸರ್ಕಾರಿ ಬಾವುಟಗಳಿಗಾಗಿ ಬರೆದದ್ದು, ಮನೆಯಲ್ಲಿ ಮಾಡುವವರನ್ನು ಕಟ್ಟಿಹಾಕುವುದಿಲ್ಲ. ಆದರೂ ಈ ಪ್ರಮಾಣ ತಪ್ಪಿದ ಬಾವುಟದಲ್ಲಿ ಏನೋ ಸರಿಯಿಲ್ಲವೆಂದು ನೋಡುವವರಿಗೆ ಅನ್ನಿಸದೆ ಇರದು. ಅಂಗಡಿಯಲ್ಲಿ ಒಂದಕ್ಕೆರಡು ಇಂಚು ಎಂದು ಮಾರುವ ಎಂಟಡಿಯ ರೀಪರ್ ನಿಜವಾಗಿ ಮುಕ್ಕಾಲು ಇಂಚು ದಪ್ಪ, ಒಂದೂವರೆ ಇಂಚು ಅಗಲ ಇರುತ್ತದೆ. ಹದಿಮೂರು ಪಟ್ಟಿಗಳನ್ನು ಪಕ್ಕಪಕ್ಕಕ್ಕೆ ಇಟ್ಟರೆ 19.5 ಇಂಚು ಎತ್ತರ. ಅದಕ್ಕೆ ತಕ್ಕ ಉದ್ದ 37 ಇಂಚು, ಯೂನಿಯನ್ನಿನ ಅಗಲ ಸುಮಾರು 14.8 ಇಂಚು. ಹೀಗೆ ಅಂಗಡಿಯ ರೀಪರನ್ನು ಹೆಚ್ಚು ಸೀಳದೆಯೇ ಸರಿಯಾದ ಪ್ರಮಾಣ ಕೈಗೆ ಸಿಗುತ್ತದೆ.

ಅಂಟು ಹಚ್ಚುವ ಮುನ್ನ ತೀರ್ಮಾನಿಸಬೇಕಾದ ಇನ್ನೊಂದು ವಿಷಯವಿದೆ, ಅದನ್ನು ಬಹುತೇಕರು ಗೋಡೆಗೆ ನೇತುಹಾಕುವ ಹೊತ್ತಿಗೆ ಯೋಚಿಸುತ್ತಾರೆ. ಅಮೆರಿಕದ ಧ್ವಜ ಸಂಹಿತೆಯಂತೆ ಗೋಡೆಯ ಮೇಲೆ ಬಾವುಟ ಅಡ್ಡವಾಗಿರಲಿ, ಉದ್ದಕ್ಕೆ ಇಳಿಬಿಟ್ಟಿರಲಿ, ಯೂನಿಯನ್ ಮೇಲ್ಭಾಗದಲ್ಲಿ, ನೋಡುವವರ ಎಡಕ್ಕೆ ಇರಬೇಕು. ಬಟ್ಟೆಯ ಬಾವುಟವನ್ನಾದರೆ ಹಿಂದುಮುಂದು ತಿರುಗಿಸಿ ಹಾಕಬಹುದು. ಒಂದೇ ಮುಖಕ್ಕೆ ಬಣ್ಣ ಬಳಿದ ಮರದ ಬಾವುಟವನ್ನು ಹೇಗೆ ತಿರುಗಿಸಿದರೂ ಯೂನಿಯನ್ ಮೇಲಿನ ಎಡಮೂಲೆಗೆ ಬರುವುದಿಲ್ಲ. ಆದ್ದರಿಂದ ಉದ್ದಕ್ಕೆ ನೇತುಹಾಕುವ ಉದ್ದೇಶವಿದ್ದರೆ ಜೋಡಿಸುವಾಗಲೇ ನೀಲಿ ಭಾಗವನ್ನು ಜಿಗ್ಗಿನ ಬಲಮೂಲೆಗೆ ಹಾಕಿಕೊಳ್ಳಬೇಕು.

ಮರ ಆರಿಸುವುದು ಮತ್ತು ಕತ್ತರಿಸುವುದು

ಲೆಕ್ಕದ ಪ್ರಕಾರ ಎಂಟಡಿಯ ಆರು ರೀಪರ್ ಸಾಕು, ಆದರೆ ಎಂಟು ತರುವುದು ಜಾಣತನ. ಇದು ಅಗ್ಗದ ಮರ. ಕಟ್ಟಿನಲ್ಲಿ ಅರ್ಧದಷ್ಟು ಬಾಗಿದ್ದರೂ ಆಶ್ಚರ್ಯವಿಲ್ಲ. ಒಂದು ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ಉದ್ದಕ್ಕೂ ನೋಡಬೇಕು. ಅಂಚಿನ ಕಡೆಗೆ ಸ್ವಲ್ಪ ಬಾಗಿದ ಪಟ್ಟಿಯನ್ನು ಜಿಗ್ ನೇರ ಮಾಡಿಕೊಳ್ಳುತ್ತದೆ. ತಿರುಚಿಕೊಂಡ ಪಟ್ಟಿಯನ್ನು ಮಾತ್ರ ಯಾವ ಜಿಗ್ಗೂ ಸರಿಮಾಡದು, ಅದನ್ನು ಅಂಗಡಿಯಲ್ಲೇ ಬಿಟ್ಟು ಬರಬೇಕು. ಗಂಟುಗಳಿದ್ದರೆ ಇರಲಿ, ಈ ಕೆಲಸಕ್ಕೆ ಅವೇ ಚಂದ. ಅಂಚಿನಲ್ಲಿರುವ ಸಡಿಲ ಗಂಟು ಮಾತ್ರ ಬೇಡ. ಸರಕು ಸಾಗಿಸುವ ಹಳೆಯ ಮರದ ಪ್ಯಾಲೆಟ್ ಬಿಚ್ಚಿ ಬಳಸುವವರು ಅದರ ಮೇಲಿನ ಮುದ್ರೆಯನ್ನು ನೋಡಬೇಕು: ಎಚ್‌ಟಿ ಎಂದರೆ ಬಿಸಿಯಿಂದ ಸಂಸ್ಕರಿಸಿದ್ದು, ಎಂಬಿ ಎಂದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲ ಹಾಯಿಸಿದ್ದು. ಎರಡನೆಯದನ್ನು ಮುಟ್ಟಬಾರದು. ಹಾಗೆಯೇ ಹೊರಾಂಗಣ ಬಳಕೆಗೆಂದು ರಾಸಾಯನಿಕ ಕುಡಿಸಿದ ಮರವನ್ನು ಸುಡಲೇಬಾರದು, ಅದರ ಹೊಗೆ ಅಪಾಯಕಾರಿ.

ಕೆಳಗಿನ ಆರು ಉದ್ದ ಪಟ್ಟಿಗಳಿಗೆ 37.25 ಇಂಚು, ಮೇಲಿನ ಏಳು ಗಿಡ್ಡ ಪಟ್ಟಿಗಳಿಗೆ 22.5 ಇಂಚು, ಯೂನಿಯನ್ನಿನ ಏಳು ತುಂಡುಗಳಿಗೆ 15 ಇಂಚು ಎಂದು, ಎಲ್ಲವನ್ನೂ ತುಸು ಉದ್ದವಾಗಿಯೇ ಕತ್ತರಿಸಬೇಕು. ಅಂಟು ಒಣಗಿದ ಮೇಲೆ ತುದಿಗಳನ್ನು ಒಟ್ಟಿಗೆ ಸವರಿದರೆ ಗೆರೆ ಒಂದೇ ಸಮನಾಗಿ ಬರುತ್ತದೆ. ಒಂದು ರೀಪರಿನಲ್ಲಿ ಎರಡು ಉದ್ದ ಪಟ್ಟಿ ಮತ್ತು ಒಂದು ನೀಲಿ ತುಂಡು, ಇನ್ನೊಂದರಲ್ಲಿ ನಾಲ್ಕು ಗಿಡ್ಡ ಪಟ್ಟಿ ಎಂದು ಹೊಂದಿಸಿಕೊಂಡರೆ ಪೋಲು ಕಡಿಮೆ. ಬೇರೆ ಬೇರೆ ರೀಪರುಗಳ ಅಗಲದಲ್ಲಿ ಸಣ್ಣ ವ್ಯತ್ಯಾಸ ಇರುತ್ತದೆ. ಏಳು ನೀಲಿ ತುಂಡುಗಳ ಒಟ್ಟು ಅಗಲವೂ ಏಳು ಗಿಡ್ಡ ಪಟ್ಟಿಗಳ ಒಟ್ಟು ಅಗಲವೂ ಒಂದೇ ಆಗದಿದ್ದರೆ ಕೆಳಗಿನ ಅರ್ಧವನ್ನು ಸೇರಿಸುವಾಗ ಮೆಟ್ಟಿಲಿನಂತಹ ಸಂದಿ ಉಳಿಯುತ್ತದೆ. ಹಾಗಾಗಿ ಅಂಟು ಹಾಕುವ ಮೊದಲೇ ಎರಡು ಗುಂಪುಗಳನ್ನೂ ಒಟ್ಟಿಗೆ ಒತ್ತಿ ಅಳೆದು, ತುಂಡುಗಳನ್ನು ಅದಲುಬದಲು ಮಾಡಿ ಸರಿದೂಗಿಸಬೇಕು.

ಸುಡುವುದು ಮತ್ತು ಬಣ್ಣ ಹಚ್ಚುವುದು ಜೋಡಣೆಗೆ ಮುಂಚಿನ ಕೆಲಸ. ಪ್ರೊಪೇನ್ ಟಾರ್ಚಿನ ಜ್ವಾಲೆಗೆ ಮರದ ಮೆತ್ತನೆಯ ಪದರ ಬೇಗ ಕರಕಾಗಿ, ಗಟ್ಟಿ ಪದರ ಉಳಿದುಕೊಳ್ಳುತ್ತದೆ. ತಂತಿಯ ಬ್ರಷ್ಷಿನಿಂದ ನಾರಿನ ಉದ್ದಕ್ಕೆ ಉಜ್ಜಿದಾಗ ಕರಕು ಉದುರಿ ಏಣುಗಳು ಎದ್ದು ಕಾಣುತ್ತವೆ. ಇಲ್ಲಿ ಎಚ್ಚರ ಬೇಕಾದದ್ದು ಅಂಚುಗಳ ವಿಷಯದಲ್ಲಿ. ಅಂಚು ಕರಕಾಗಿದ್ದರೆ ಅಂಟು ಆ ಇದ್ದಲಿಗೆ ಹತ್ತುತ್ತದೆಯೇ ಹೊರತು ಮರಕ್ಕಲ್ಲ, ಕೆಲವೇ ದಿನಗಳಲ್ಲಿ ಇದ್ದಲಿನ ಪದರ ಸಮೇತ ಕಿತ್ತು ಬರುತ್ತದೆ. ಮರಕ್ಕೆ ಇಂಗುವ ಬಣ್ಣವಾದ ಎಣ್ಣೆ ಬೆರೆತ ಸ್ಟೇನ್ ಅಂಚಿಗೆ ಇಳಿದರೂ ಅಂಟು ಸರಿಯಾಗಿ ಹಿಡಿಯದು. ಆದ್ದರಿಂದ ಬಯಲಿನಲ್ಲಿ, ಕಾಂಕ್ರೀಟ್ ನೆಲದ ಮೇಲೆ ಪಟ್ಟಿಗಳನ್ನು ಒಂದಕ್ಕೊಂದು ತಾಗಿಸಿಟ್ಟು, ಎರಡೂ ಬದಿಗೆ ಇಟ್ಟಿಗೆ ಕೊಟ್ಟು, ಪಕ್ಕದಲ್ಲಿ ಒಂದು ಬಕೆಟ್ ನೀರನ್ನೂ ಇಟ್ಟುಕೊಂಡು ಮೇಲ್ಮುಖವನ್ನಷ್ಟೇ ಸುಡಬೇಕು. ಸ್ಟೇನನ್ನು ಒದ್ದೆಯಾಗಿ ಸುರಿಯದೆ ಬಟ್ಟೆಯಿಂದ ಒರಸಿ ಹಚ್ಚಬೇಕು. ಆ ಎಣ್ಣೆಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆ ಎಸೆದರೆ ತಾನಾಗಿಯೇ ಹೊತ್ತಿಕೊಳ್ಳಬಹುದು, ಹರಡಿ ಒಣಗಿಸಬೇಕು. ಕೆಂಪು ಪಟ್ಟಿ ಏಳು, ಬಿಳಿಯವು ಆರು. ಮೇಲಿನದೂ ಕೆಳಗಿನದೂ ಕೆಂಪು. ಬಿಳಿಗೆ ಬಣ್ಣ ಬಳಿಯದೆ ಸುಟ್ಟ ಮರದ ಸಹಜ ಕಂದು ಬಣ್ಣವನ್ನೇ ಉಳಿಸಿಕೊಳ್ಳುವುದು ನನಗೆ ಹೆಚ್ಚು ಇಷ್ಟ, ಸುಣ್ಣದಂತಹ ಬಿಳಿ ಬಳಿದರೆ ಸುಟ್ಟ ಶ್ರಮವೆಲ್ಲ ಮುಚ್ಚಿಹೋಗುತ್ತದೆ.

ಜಿಗ್ ಕಟ್ಟುವುದು

ತಳಕ್ಕೆ ಮುಕ್ಕಾಲು ಇಂಚಿನ ಪ್ಲೈವುಡ್, 30 ಇಂಚು ಅಗಲ, 44 ಇಂಚು ಉದ್ದ. ಇದು ಸಮತಟ್ಟಾಗಿರದಿದ್ದರೆ ಮುಂದಿನ ಎಲ್ಲ ಶ್ರಮವೂ ವ್ಯರ್ಥ, ಏಕೆಂದರೆ ತಳದ ಬಾಗು ಬಾವುಟಕ್ಕೂ ಬರುತ್ತದೆ. ಹಿಂಬದಿಗೆ ಎರಡು ನೇರ ರೀಪರುಗಳನ್ನು ನಿಲ್ಲಿಸಿ ಸ್ಕ್ರೂ ಹಾಕಿದರೆ ತಳ ಬಳುಕುವುದಿಲ್ಲ. ಉದ್ದದ ಒಂದು ಅಂಚಿಗೆ ಎರಡು ಇಂಚು ಅಗಲದ ಪ್ಲೈವುಡ್ ಪಟ್ಟಿಯನ್ನು ಸ್ಥಿರ ತಡೆಯಾಗಿ, ಅಂಟೂ ಸ್ಕ್ರೂವೂ ಹಾಕಿ ಕೂರಿಸಬೇಕು. ಅದಕ್ಕೆ ಮೂಲೆಮಟ್ಟ ಹಿಡಿದು ಎಡಬದಿಗೆ ಇನ್ನೊಂದು ತಡೆ. ಎರಡೂ ತಡೆಗಳು ಸೇರುವ ಮೂಲೆಯಲ್ಲಿ ಕಾಲಿಂಚು ಸಂದಿ ಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಹೊಟ್ಟು, ಒಣ ಅಂಟು ಅಲ್ಲಿ ಸೇರಿಕೊಂಡು ಪಟ್ಟಿಯನ್ನು ಮೂಲೆಗೆ ಕೂರಲು ಬಿಡುವುದಿಲ್ಲ. ಅಮೆರಿಕದಲ್ಲಿ ಮುಕ್ಕಾಲು ಇಂಚು ಎಂದು ಮಾರುವ ಪ್ಲೈವುಡ್ ಸಾಮಾನ್ಯವಾಗಿ 23/32 ಇಂಚು ದಪ್ಪ ಇರುತ್ತದೆ. ಬೇರೆ ಕೆಲಸಗಳಲ್ಲಿ ಕಿರಿಕಿರಿ ಎನಿಸುವ ಈ ಕೊರತೆ ಇಲ್ಲಿ ಉಪಯೋಗಕ್ಕೆ ಬರುತ್ತದೆ: ತಡೆಗಳು ಪಟ್ಟಿಗಳಿಗಿಂತ ಒಂದು ಎಳೆ ತಗ್ಗಿರುವುದರಿಂದ ಮೇಲಿಂದ ಒತ್ತುವ ಅಡ್ಡಪಟ್ಟಿ ತಡೆಯ ಮೇಲಲ್ಲದೆ ಬಾವುಟದ ಮೇಲೆಯೇ ಕೂರುತ್ತದೆ.

ಎದುರು ಬದಿಯಲ್ಲಿ ಎರಡು ಪಟ್ಟಿಗಳು ಬೇಕು. ಒಳಗಿನದು ಅತ್ತಿತ್ತ ಸರಿಯುವ ಒತ್ತುಪಟ್ಟಿ, ಹೊರಗಿನದು ಬೋಲ್ಟ್ ಹಾಕಿದ ಆನಿಕೆ. ಇವೆರಡರ ನಡುವಿನ ಸುಮಾರು ಎರಡು ಇಂಚಿನ ಜಾಗದಲ್ಲಿ ಮೂರು ಜೊತೆ ಬೆಣೆಗಳು ಕೂರುತ್ತವೆ. ಬಾವುಟವನ್ನು ಹಂತಹಂತವಾಗಿ ಜೋಡಿಸುವುದರಿಂದ 9, 10.5 ಮತ್ತು 19.5 ಇಂಚು ಎಂಬ ಮೂರು ಅಗಲಗಳಿಗೆ ಆನಿಕೆಯನ್ನು ಕೂರಿಸುವಂತೆ ತಳದಲ್ಲಿ ಮೂರು ಸಾಲು ತೂತುಗಳನ್ನು ಮೊದಲೇ ಕೊರೆದಿಟ್ಟುಕೊಳ್ಳಬೇಕು.

ಬೆಣೆಗಳನ್ನು ಓಕ್ ಅಥವಾ ಮೇಪಲ್‌ನಂತಹ ಗಟ್ಟಿ ಮರದಲ್ಲಿ, ನಾರು ಉದ್ದಕ್ಕೆ ಬರುವಂತೆ ಮಾಡಬೇಕು. ಹತ್ತು ಇಂಚು ಉದ್ದ, ಒಂದು ತುದಿ ಒಂದೂವರೆ ಇಂಚು, ಇನ್ನೊಂದು ಅರ್ಧ ಇಂಚು. ಅಂದರೆ ಇಳಿಜಾರು ಹತ್ತಕ್ಕೆ ಒಂದು. ಎರಡು ಬೆಣೆಗಳನ್ನು ವಿರುದ್ಧ ದಿಕ್ಕಿಗೆ ತಿರುಗಿಸಿ ಇಳಿಜಾರುಗಳನ್ನು ತಾಗಿಸಿದರೆ ಹೊರಮೈಗಳು ಒಂದಕ್ಕೊಂದು ಸಮಾನಾಂತರವಾಗಿ ನಿಲ್ಲುತ್ತವೆ. ಕೊಡತಿಯಿಂದ ಒಂದನ್ನು ಒಂದು ಇಂಚು ಒಳಗೆ ತಟ್ಟಿದರೆ ಒತ್ತುಪಟ್ಟಿ ಇಂಚಿನ ಹತ್ತನೇ ಒಂದು ಭಾಗ ಮುಂದೆ ಸರಿಯುತ್ತದೆ, ಕೈಬಿಟ್ಟರೂ ಹಿಂದೆ ಜಾರುವುದಿಲ್ಲ. ಇಳಿಜಾರು ಇದಕ್ಕಿಂತ ತೀರಾ ಕಡಿದಾದರೆ ಬೆಣೆ ಜಾರಿ ಹೊರಬರುತ್ತದೆ. ಇಳಿಜಾರಿನ ಮೈಗೆ ಮೇಣ ಸವರಬಾರದು, ಅಲ್ಲಿ ಹಿಡಿತವೇ ಬೇಕಾದದ್ದು.

ಇನ್ನು ಮೇಲಿನ ಅಡ್ಡಪಟ್ಟಿಗಳು. ಎರಡಕ್ಕೆ ನಾಲ್ಕು ಇಂಚು ಎಂದು ಮಾರುವ ಮರದಲ್ಲಿ 32 ಇಂಚಿನ ಮೂರು ತುಂಡುಗಳನ್ನು ಕೊಯ್ದು, ಕಿರಿದಾದ ಮೈ ಕೆಳಗೆ ಬರುವಂತೆ ನಿಲ್ಲಿಸಿ, ಆ ಮೈಯನ್ನು ನಡುವಿನಿಂದ ಎರಡೂ ತುದಿಗಳ ಕಡೆಗೆ ಉಜ್ಜುಗೊರಡಿನಿಂದ ತುಸುತುಸುವೇ ಕೀಸುತ್ತಾ ಹೋಗಬೇಕು. ತುದಿಯಲ್ಲಿ ಇಂಚಿನ ಹದಿನಾರನೇ ಒಂದು ಭಾಗದಷ್ಟು ಇಳಿದರೆ ಸಾಕು. ಹೀಗೆ ನಡು ಉಬ್ಬಿದ ಪಟ್ಟಿಯನ್ನು ತುದಿಗಳಲ್ಲಿ ಎಫ್ ಆಕಾರದ ಕ್ಲ್ಯಾಂಪುಗಳಿಂದ ತಳಕ್ಕೆ ಬಿಗಿದಾಗ, ಕ್ಲ್ಯಾಂಪ್ ತಲುಪಲಾರದ ನಡುಭಾಗಕ್ಕೂ ಒತ್ತಡ ಬೀಳುತ್ತದೆ. ನನ್ನ ಮಟ್ಟಿಗೆ ಇಡೀ ಜಿಗ್ಗಿನಲ್ಲಿ ಬಿಡಲೇಬಾರದ ಭಾಗ ಇದು. ತಳದ ಮೇಲ್ಮೈ, ತಡೆಗಳ ಒಳಮೈ, ಅಡ್ಡಪಟ್ಟಿಗಳ ಕೆಳಮೈ, ಈ ಎಲ್ಲಕ್ಕೂ ಅಗಲದ ಪ್ಯಾಕಿಂಗ್ ಟೇಪ್ ಅಂಟಿಸಿದರೆ ಸೋರಿದ ಅಂಟು ಹಿಡಿಯುವುದಿಲ್ಲ.

ಅಂಟು ಹಾಕಿ ಜೋಡಿಸುವುದು

ಮೊದಲು ಅಂಟಿಲ್ಲದೆ ಒಮ್ಮೆ ಪೂರ್ತಿ ಜೋಡಿಸಿ, ಬೆಣೆ ತಟ್ಟಿ, ಸಂದಿಗಳನ್ನು ಪರೀಕ್ಷಿಸಬೇಕು. ಎಲ್ಲವೂ ಕೂತ ಮೇಲೆ ಪಟ್ಟಿಗಳ ಹಿಂಬದಿಯಲ್ಲಿ ಸಂಖ್ಯೆ ಬರೆದುಕೊಳ್ಳಬೇಕು. ಅಂಟಿಗೆ ಟೈಟ್‌ಬಾಂಡ್ 3 ಅನುಕೂಲ: ಹಚ್ಚಿದ ಮೇಲೆ ಎಂಟು ಹತ್ತು ನಿಮಿಷ ತೆರೆದಿಡಬಹುದು, ಒಣಗಿದಾಗ ತಿಳಿಗಂದು ಬಣ್ಣಕ್ಕೆ ತಿರುಗುವುದರಿಂದ ಸುಟ್ಟ ಮರದಲ್ಲಿ ಕಣ್ಣಿಗೆ ಬೀಳುವುದೂ ಕಡಿಮೆ. ಚಳಿಗಾಲದ ಗ್ಯಾರೇಜಿನಲ್ಲಿ ತಾಪಮಾನ 8 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿದರೆ ಈ ಅಂಟು ಸೀಮೆಸುಣ್ಣದಂತೆ ಬಿಳಿಯಾಗಿ ಬಲ ಕಳೆದುಕೊಳ್ಳುತ್ತದೆ. ಅಂಥ ದಿನ ಮರ, ಅಂಟು, ಜಿಗ್ ಮೂರನ್ನೂ ಮನೆಯೊಳಗೆ ತರಬೇಕು.

ಹದಿಮೂರು ಪಟ್ಟಿಗಳನ್ನೂ ಒಂದೇ ಬಾರಿಗೆ ಅಂಟಿಸಲು ಹೋದರೆ ಅವಸರವಾಗುತ್ತದೆ. ಏಳು ನೀಲಿ ತುಂಡುಗಳು ಒಂದು ಸಲ, ಏಳು ಗಿಡ್ಡ ಪಟ್ಟಿಗಳು ಒಂದು ಸಲ, ಆರು ಉದ್ದ ಪಟ್ಟಿಗಳು ಒಂದು ಸಲ ಎಂದು ಮೂರು ಹಲಗೆಗಳನ್ನು ಮಾಡಿಕೊಳ್ಳಬೇಕು. ಪಟ್ಟಿಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಒಂದು ಅಂಚಿಗೆ ಮಾತ್ರ ಅಂಟಿನ ಗೆರೆ ಎಳೆದು, ಸಣ್ಣ ಬ್ರಷ್ಷಿನಿಂದ ಹರಡಿ, ಮುಂಬದಿಯ ಏಣಿನಿಂದ ಒಂದು ಎಳೆ ದೂರ ಉಳಿಸಬೇಕು. ರೀಪರಿನ ಮೂಲೆಗಳು ಕಾರ್ಖಾನೆಯಲ್ಲೇ ತುಸು ದುಂಡಾಗಿರುವುದರಿಂದ ಪಟ್ಟಿಗಳ ನಡುವೆ ಸಣ್ಣ ಕಾಲುವೆ ಬರುತ್ತದೆ. ಅದು ಈ ಬಾವುಟಕ್ಕೆ ಒಪ್ಪುವ ಗೆರೆ, ಅದರೊಳಗೆ ಅಂಟು ತುಂಬಿದರೆ ತೆಗೆಯುವುದು ಕಷ್ಟ.

ಪಟ್ಟಿಗಳನ್ನು ಜಿಗ್ಗಿನಲ್ಲಿ ಎಡ ತಡೆಗೆ ತಾಗಿಸಿ ಮಲಗಿಸಿದ ಮೇಲೆ ಅನುಕ್ರಮ ಮುಖ್ಯ. ಮೊದಲು ಬೆಣೆಗಳನ್ನು ಕೈಯಿಂದಲೇ ಒತ್ತಿ ಸಂದಿ ಮುಚ್ಚಿಸಬೇಕು. ಆಮೇಲೆ ಅಡ್ಡಪಟ್ಟಿಗಳನ್ನು ಹಗುರವಾಗಿ ಬಿಗಿಯಬೇಕು. ಅನಂತರ ನಡುವಿನ ಬೆಣೆಯಿಂದ ಶುರುಮಾಡಿ ಮೂರು ಜೊತೆಗಳನ್ನೂ ಸರದಿಯ ಮೇಲೆ ಕೊಡತಿಯಿಂದ ತಟ್ಟಿ, ಕೊನೆಗೆ ಅಡ್ಡಪಟ್ಟಿಗಳನ್ನು ಪೂರ್ತಿ ಬಿಗಿಮಾಡಬೇಕು. ಅಡ್ಡಪಟ್ಟಿಯನ್ನೇ ಮೊದಲು ಬಿಗಿದರೆ ಪಟ್ಟಿಗಳು ಸರಿಯಲಾರವು, ಬೆಣೆಯನ್ನೇ ಮೊದಲು ಬಲವಾಗಿ ಹೊಡೆದರೆ ಉಬ್ಬುತ್ತವೆ. ಎಷ್ಟು ಬಿಗಿ ಎಂಬುದನ್ನು ಅಂಟೇ ಹೇಳುತ್ತದೆ: ಸಂದಿಯ ಉದ್ದಕ್ಕೂ ಸಾಸಿವೆ ಕಾಳಿನಂತಹ ಹನಿಗಳು ಸಾಲಾಗಿ ಮೂಡಿದರೆ ಸಾಕು. ಧಾರೆಯಾಗಿ ಸುರಿದರೆ ಅಂಟು ಹೆಚ್ಚಾಯಿತು, ಏನೂ ಬರದಿದ್ದರೆ ಕಡಿಮೆಯಾಯಿತು. ಹನಿಗಳನ್ನು ಒದ್ದೆ ಬಟ್ಟೆಯಿಂದ ಒರಸಿದರೆ ಅಂಟು ಏಣುಗಳೊಳಗೆ ಇಳಿಯುತ್ತದೆ. ಅರ್ಧ ಗಂಟೆ ಬಿಟ್ಟು, ರಬ್ಬರಿನಂತಾದಾಗ ಉಳಿಯಿಂದ ಎತ್ತಿ ತೆಗೆಯಬೇಕು. ಒಂದು ಗಂಟೆಯ ನಂತರ ಜಿಗ್ಗಿನಿಂದ ಬಿಡಿಸಬಹುದು. ಬಿಡಿಸುವಾಗ ಬೆಣೆಯ ಸಣ್ಣ ತುದಿಗೆ ತಟ್ಟಿದರೆ ಸಲೀಸಾಗಿ ಸಡಿಲವಾಗುತ್ತದೆ.

ಮರುದಿನ ನೀಲಿ ಹಲಗೆಯ ಮತ್ತು ಗಿಡ್ಡ ಪಟ್ಟಿಗಳ ಹಲಗೆಯ ಸೇರುವ ತುದಿಗಳನ್ನು ಗರಗಸದಿಂದ ನೇರವಾಗಿ ಸವರಿ, ಮೂರೂ ಹಲಗೆಗಳನ್ನು 19.5 ಇಂಚಿನ ಸ್ಥಾನದಲ್ಲಿ ಒಟ್ಟಿಗೆ ಸೇರಿಸಬೇಕು. ಯೂನಿಯನ್ನಿನ ಕೆಳಗೆ ಬರುವುದು ಬಿಳಿ ಪಟ್ಟಿ. ಅಲ್ಲಿ ಕೆಂಪು ಬಂದಿದ್ದರೆ ಅನುಕ್ರಮ ತಪ್ಪಿದೆ ಎಂದರ್ಥ. ನೀಲಿ ಭಾಗ ಗಿಡ್ಡ ಪಟ್ಟಿಗಳಿಗೆ ತಾಗುವ ಕಡೆ ಮರದ ತುದಿಗೆ ತುದಿ ಸೇರುವುದರಿಂದ ಅಂಟಿನ ಬಲ ಬಹಳ ಕಡಿಮೆ. ಅಲ್ಲಿ ಹಿಂಬದಿಗೆ 17 ಇಂಚಿನ ಒಂದು ಅಡ್ಡ ರೀಪರ್ ಕಡ್ಡಾಯ, ಎರಡು ತುದಿಗಳ ಹತ್ತಿರ ಇನ್ನೆರಡು. ಸಂದಿಯ ಮೇಲಿನ ರೀಪರ್ ಎರಡೂ ಬದಿಯ ಹಲಗೆಗಳನ್ನು ಹಿಡಿಯುವಷ್ಟು ಅಗಲವಿರಲಿ, ಮೂರು ಇಂಚು ಸಾಕು. ಇವಕ್ಕೆ ಅಂಟು ಹಾಕಬಾರದು. ಮರ ತೇವಕ್ಕೆ ಹಿಗ್ಗುವುದು ಅಗಲದ ಕಡೆಗೆ; ತೇವಾಂಶದಲ್ಲಿ ಶೇಕಡಾ ನಾಲ್ಕರಷ್ಟು ಏರುಪೇರಾದರೆ 19.5 ಇಂಚಿನ ಪೈನ್ ಹಲಗೆ ಸುಮಾರು 4 ಮಿಲಿಮೀಟರ್ ಹಿಗ್ಗಿ ಕುಗ್ಗುತ್ತದೆ. ನಡುವಿನ ಸ್ಕ್ರೂ ಬಿಗಿಯಾಗಿರಲಿ, ಉಳಿದ ಸ್ಕ್ರೂಗಳಿಗೆ ರೀಪರಿನಲ್ಲಿ ಉದ್ದುದ್ದ ತೂತು ಕೊರೆದು ವಾಷರ್ ಹಾಕಿದರೆ ಹಲಗೆ ಸೀಳದೆ ಸರಿದಾಡುತ್ತದೆ.

ನಕ್ಷತ್ರಗಳಿಗೆ ಸ್ಟೆನ್ಸಿಲ್ ಸಾಕು. ಯೂನಿಯನ್ನಿನ ಎತ್ತರವನ್ನು ಹತ್ತು, ಅಗಲವನ್ನು ಹನ್ನೆರಡು ಸಮಭಾಗ ಮಾಡಿ ಪೆನ್ಸಿಲ್ ಗೆರೆ ಎಳೆದರೆ, ಆರು ಮತ್ತು ಐದರ ಸರದಿಯಲ್ಲಿ ಒಂಬತ್ತು ಸಾಲುಗಳ 50 ನಕ್ಷತ್ರಗಳ ಕೇಂದ್ರಗಳು ಆ ಗೆರೆಗಳು ಕೂಡುವಲ್ಲಿ ಬರುತ್ತವೆ. ಈ ಅಳತೆಯ ಬಾವುಟಕ್ಕೆ ನಕ್ಷತ್ರದ ವ್ಯಾಸ 1.2 ಇಂಚು. ಉದ್ದಕ್ಕೆ ನೇತುಹಾಕುವ ಬಾವುಟದಲ್ಲಿ ನಕ್ಷತ್ರಗಳ ಮೇಲ್ತುದಿ ಪಟ್ಟಿಗಳಿಗೆ ಅಡ್ಡವಾಗಿಯೇ ಇರುತ್ತದೆ, ಬಟ್ಟೆಯ ಬಾವುಟದಲ್ಲೂ ಹಾಗೆಯೇ. ಒಳಾಂಗಣಕ್ಕೆ ಹೊಳಪಿಲ್ಲದ ಪಾಲಿಯುರೆಥೇನ್ ವಾರ್ನಿಷ್ ಎರಡು ಕೈ ಹಚ್ಚಿದರೆ ಆಯಿತು. ಮಳೆ ಬಿಸಿಲಿಗೆ ಒಡ್ಡುವುದಾದರೆ ಸ್ಪಾರ್ ಯುರೆಥೇನ್ ಎಂಬ ಹೊರಾಂಗಣ ವಾರ್ನಿಷನ್ನು ಹಿಂಬದಿಗೂ ತುದಿಗಳಿಗೂ ಹಚ್ಚಬೇಕು. ಒಂದೇ ಮುಖಕ್ಕೆ ಹಚ್ಚಿದ ಹಲಗೆ ಇನ್ನೊಂದು ಮುಖದಿಂದ ತೇವ ಹೀರಿ ಬಾಗುತ್ತದೆ. ಅಡ್ಡವಾಗಿ ನೇತುಹಾಕಲು ಹಿಂಬದಿಯ ಹೊರಗಿನ ಎರಡು ಅಡ್ಡ ರೀಪರುಗಳ ಮೇಲ್ತುದಿಗೆ ಉಕ್ಕಿನ ಕೊಂಡಿ ಹಾಕಿ, ಗೋಡೆಯಲ್ಲಿ ಜಿಪ್ಸಮ್ ಹಲಗೆಯಾದ ಬರಿಯ ಡ್ರೈವಾಲ್‌ಗಲ್ಲದೆ ಅದರ ಹಿಂದಿನ ಮರದ ಕಂಬವಾದ ಸ್ಟಡ್‌ಗೆ ಸ್ಕ್ರೂ ಇಳಿಸಬೇಕು. ಸ್ಟಡ್‌ಗಳು ಸಾಮಾನ್ಯವಾಗಿ 16 ಇಂಚಿಗೊಂದರಂತೆ ಇರುವುದರಿಂದ, ಹೊರಗಿನ ರೀಪರುಗಳನ್ನು ಕೂರಿಸುವಾಗಲೇ ಅವುಗಳ ನಡುವೆ 32 ಇಂಚು ಅಂತರ ಬಿಟ್ಟುಕೊಂಡರೆ ಎರಡೂ ಕೊಂಡಿಗಳು ಸ್ಟಡ್‌ಗಳಿಗೆ ನೇರವಾಗಿ ಬರುತ್ತವೆ.