ಕ್ಷೇತ್ರದ ಚರಿತ್ರೆ ಬರೆಯುವಾಗ ಮೊದಲು ಗಡಿ, ಆಮೇಲೆ ಗೆದ್ದವರು: ಸಾಗರದ ಕೆಲಸದಿಂದ

ಶಿವಮೊಗ್ಗ ಜಿಲ್ಲೆಯ ಸಾಗರ ವಿಧಾನಸಭಾ ಕ್ಷೇತ್ರದ ರಾಜಕೀಯ ಚರಿತ್ರೆಯನ್ನು ಜೋಡಿಸುವಾಗ ನಾನು ಶಾಸಕರ ಪಟ್ಟಿಯನ್ನು ಬದಿಗಿಟ್ಟು ಗಡಿಯಿಂದ ಶುರು ಮಾಡಿದೆ. ಹೆಸರು ಸಾಗರವೇ ಆದರೂ ಅದರೊಳಗಿನ ಊರುಗಳು ಬದಲಾಗುತ್ತಲೇ ಬಂದಿವೆ. 1952ರಲ್ಲಿ ಅದು ಸಾಗರ–ಹೊಸನಗರ. ಮುಂದೆ ಹೊಸನಗರ ಬೇರೆ ಕ್ಷೇತ್ರವಾಗಿ, 2008ರ ಚುನಾವಣೆಯ ಹೊತ್ತಿಗೆ ಅದೇ ರದ್ದಾಯಿತು. ಒಂದು ಭಾಗ ಸಾಗರಕ್ಕೆ ಬಂತು, ಇನ್ನೊಂದು ತೀರ್ಥಹಳ್ಳಿಗೆ ಹೋಯಿತು. ತಾಳಗುಪ್ಪ ಹೋಬಳಿಯವರಿಗೆ ಈಗ ಕಂದಾಯಕ್ಕೆ ಸಾಗರ ತಾಲ್ಲೂಕು, ವೋಟಿಗೆ ಸೊರಬ ಕ್ಷೇತ್ರ. ಇದನ್ನು ನೋಡದೆ 2004 ಮತ್ತು 2008ರ ಮತಗಳನ್ನು ಅಕ್ಕಪಕ್ಕ ಇಟ್ಟರೆ ಆ ಹೋಲಿಕೆಗೆ ಅರ್ಥವೇ ಇಲ್ಲ.

ಗಡಿ ಯಾವಾಗ ಬದಲಾಯಿತೆಂದು ಹುಡುಕಲು ಸುಲಭದ ಗುರುತು ವಿಧಾನಸಭೆಯ ಒಟ್ಟು ಸ್ಥಾನಗಳು. ಹಳೇ ಮೈಸೂರಿನಲ್ಲಿ 1952ಕ್ಕೆ 99, ಏಕೀಕರಣದ ನಂತರ 208, 1967ಕ್ಕೆ 216, 1978ಕ್ಕೆ 224. ಸಂಖ್ಯೆ ಬದಲಾದ ಕಡೆಯೆಲ್ಲ ಕ್ಷೇತ್ರ ಪುನರ್‌ವಿಂಗಡಣೆಯ ಆದೇಶ ತೆಗೆದು ಹೋಬಳಿಗಳನ್ನು ಬರೆದುಕೊಳ್ಳಬೇಕು. ಮೋಸ ಮಾಡುವುದು 2008. ಆಗ ಸ್ಥಾನ 224ರಲ್ಲೇ ನಿಂತಿತು, ಗೆರೆಗಳು ಮಾತ್ರ ಸರಿದವು.

ಆಮೇಲೆ ಚುನಾವಣಾ ಆಯೋಗದ ಅಂಕಿಅಂಶ ವರದಿಗಳು. 1952ರಿಂದ 2023ರವರೆಗೆ 16 ಸಾರ್ವತ್ರಿಕ ಚುನಾವಣೆ, ಒಂದೊಂದಕ್ಕೆ ಒಂದು ಸಾಲು: ಕ್ಷೇತ್ರದ ಹೆಸರು, ಸೇರಿದ ಹೋಬಳಿಗಳು, ಮತದಾರರು, ಚಲಾಯಿತ ಮತ, ಸಿಂಧು ಮತ, ಮೊದಲ ಮೂವರು, ಪಕ್ಷ, ಚಿಹ್ನೆ, ಅಂತರ. ಉಪಚುನಾವಣೆಗೆ ಬೇರೆ ಹಾಳೆ. 1989ರಲ್ಲಿ ಮತದಾರರ ಸಂಖ್ಯೆ ಜಿಗಿದಿರುತ್ತದೆ. ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದದ್ದು ಆ ವರ್ಷ, ಅದನ್ನು ವಲಸೆ ಎಂದು ಓದಬಾರದು. ಹೆಸರುಗಳಲ್ಲಂತೂ ಎಚ್ಚರ ಬೇಕೇ ಬೇಕು. ಕಾಗೋಡು ತಿಮ್ಮಪ್ಪ ಮತ್ತು ಎಲ್.ಟಿ. ತಿಮ್ಮಪ್ಪ ಹೆಗಡೆ ಇಬ್ಬರೂ ಇಲ್ಲಿನ ಶಾಸಕರಾಗಿದ್ದವರು. ಇಂಗ್ಲಿಷ್ ವರದಿಯ ಇನಿಷಿಯಲ್ ನಂಬಿ ನಕಲು ಮಾಡುತ್ತಾ ಹೋದರೆ ಇಬ್ಬರೂ ಒಬ್ಬರಾಗಿಬಿಡುತ್ತಾರೆ.

ಮತಗಟ್ಟೆವಾರು ಲೆಕ್ಕ ನಮೂನೆ 20ರಲ್ಲಿ, ಅಂದರೆ ಎಣಿಕೆಯ ಅಂತಿಮ ಫಲಿತಾಂಶ ಪಟ್ಟಿಯಲ್ಲಿ ಸಿಗುತ್ತದೆ. ಅಡ್ಡಸಾಲಿನಲ್ಲಿ ಮತಗಟ್ಟೆಯ ಸಂಖ್ಯೆ, ಅಭ್ಯರ್ಥಿವಾರು ಮತ, ತಿರಸ್ಕೃತ, ಒಟ್ಟು. ಅಂಚೆಮತ ಕೊನೆಯಲ್ಲಿ ಬೇರೆ. ಊರಿನ ಹೆಸರು ಅಲ್ಲಿರುವುದಿಲ್ಲ. ಅದಕ್ಕೆ ಅದೇ ವರ್ಷದ ಮತದಾರರ ಪಟ್ಟಿಯ ಮುಖಪುಟ ತೆಗೆಯಬೇಕು. ಅಲ್ಲಿ ಭಾಗ ಸಂಖ್ಯೆ, ಶಾಲೆಯ ಹೆಸರು, ಸೇರಿದ ಮಜರೆಗಳು ಇರುತ್ತವೆ. ಮತಗಟ್ಟೆ ಹೊಸದಾಗಿ ಸೇರಿದಾಗ ಮುಂದಿನ ಸಂಖ್ಯೆಗಳೆಲ್ಲ ಸರಿಯುವುದರಿಂದ ಎರಡು ಚುನಾವಣೆಗಳನ್ನು ಶಾಲೆಯ ಹೆಸರಿನಿಂದ ತಾಳೆ ನೋಡಬೇಕೇ ಹೊರತು ಸಂಖ್ಯೆಯಿಂದಲ್ಲ.

ಇಷ್ಟಾದರೂ ಸಿಗುವುದು ಅಸ್ಥಿಪಂಜರ. ಸಾಗರದ ರಾಜಕೀಯ ಹುಟ್ಟಿದ್ದು ಗದ್ದೆಯಲ್ಲಿ. 1951ರ ಕಾಗೋಡು ಸತ್ಯಾಗ್ರಹದ ಮೂಲದಲ್ಲಿದ್ದದ್ದು ಗೇಣಿ ಭತ್ತ ಅಳೆಯುವ ಕೊಳಗ. ಗೇಣಿ ವಸೂಲಿಗೆ ಒಡೆಯರು ದೊಡ್ಡ ಕೊಳಗ ಬಳಸುತ್ತಾರೆಂದು ದೀವರ ಸಮುದಾಯದ ಗೇಣಿದಾರರು ಎದ್ದರು. ಎಚ್. ಗಣಪತಿಯಪ್ಪ ಸಂಘಟಿಸಿದರು, ಸಮಾಜವಾದಿಗಳು ಜೊತೆಯಾದರು, ಅವರ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಮರುವರ್ಷವೇ ಶಾಂತವೇರಿ ಗೋಪಾಲಗೌಡರು ಸೋಷಲಿಸ್ಟ್ ಪಕ್ಷದಿಂದ ಇಲ್ಲಿ ಗೆದ್ದರು. ಸತ್ಯಾಗ್ರಹ ಮತ್ತು ಆ ಗೆಲುವನ್ನು ಬೇರೆ ಬೇರೆ ಅಧ್ಯಾಯ ಮಾಡುವವರ ಬಗ್ಗೆ ನನಗೆ ತಕರಾರಿದೆ.

ಈ ನಂಟನ್ನು ದಾಖಲೆಯಲ್ಲಿ ತೋರಿಸಲು ಪಹಣಿಯೇ ಸಾಕ್ಷಿ. 9ನೇ ಕಾಲಂ ಸ್ವಾಧೀನದಾರರದು, 12ನೇ ಕಾಲಂ ಸಾಗುವಳಿಯದು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ಹಿಂದಿನ ಪಹಣಿಯನ್ನೂ ಆಮೇಲಿನದನ್ನೂ ಒಂದೇ ಸರ್ವೆ ನಂಬರಿಗೆ ತೆಗೆಸಿ ನೋಡಿ. ಗೇಣಿದಾರ ತಾನು ಉಳುವ ಜಮೀನಿನ ಹಕ್ಕು ಕೇಳುವ ಅರ್ಜಿಯಾದ ನಮೂನೆ 7 ಕೊಟ್ಟು ಭೂ ನ್ಯಾಯಮಂಡಳಿಯಲ್ಲಿ ಗೆದ್ದಿದ್ದರೆ 12ರಲ್ಲಿದ್ದ ಹೆಸರು 9ಕ್ಕೆ ಬಂದಿರುತ್ತದೆ. ಬಾರದಿದ್ದರೆ ಅರ್ಜಿಯೇ ಹಾಕಿರಲಿಲ್ಲವೋ, ವಜಾ ಆಯಿತೋ, ಹಕ್ಕು ಬದಲಾವಣೆ ದಾಖಲಾಗಲಿಲ್ಲವೋ ಎಂದು ಮ್ಯುಟೇಷನ್ ವಹಿಯಲ್ಲಿ ನೋಡಬೇಕು. ಊರೊಂದರಲ್ಲಿ ಕೆಲವು ಸರ್ವೆ ನಂಬರುಗಳನ್ನು ಹೀಗೆ ನೋಡಿದರೂ ಅಲ್ಲಿನ ವೋಟಿನ ಒಲವು ಅರ್ಥವಾಗತೊಡಗುತ್ತದೆ.

ಹಿರಿಯರನ್ನು ಇಸವಿ ಕೇಳಬಾರದು, ಚಿಹ್ನೆ ಕೇಳಬೇಕು. ಕಾಂಗ್ರೆಸ್ಸಿನ ಜೋಡೆತ್ತು ಎಂದರೆ 1969ರ ಒಡಕಿಗಿಂತ ಮೊದಲು, ಹಸು-ಕರು ಎಂದರೆ ಎಪ್ಪತ್ತರ ದಶಕ, ಹಸ್ತ ಎಂದರೆ 1978ರಿಂದೀಚೆಗೆ. ಪಕ್ಷದ ಹೆಸರಿನಲ್ಲಿ ಗೊಂದಲ ಮಾಡಿಕೊಳ್ಳುವವರಿಗೂ ಚಿಹ್ನೆ ಚೆನ್ನಾಗಿ ನೆನಪಿರುತ್ತದೆ. ಪಕ್ಷವನ್ನೇ ನಂಬಿ ಕೂತರೆ ಈಚಿನ ಚುನಾವಣೆಗಳೂ ಅರ್ಥವಾಗುವುದಿಲ್ಲ. ಗೋಪಾಲಕೃಷ್ಣ ಬೇಳೂರು 2004 ಮತ್ತು 2008ರಲ್ಲಿ ಬಿಜೆಪಿಯಿಂದ ನಿಂತು ಸೋದರಮಾವ ಕಾಗೋಡು ತಿಮ್ಮಪ್ಪನವರನ್ನು ಸೋಲಿಸಿದರು. 2023ರಲ್ಲಿ ಗೆದ್ದದ್ದು ಕಾಂಗ್ರೆಸ್ಸಿನಿಂದ, ಬಿಜೆಪಿಯ ಹರತಾಳು ಹಾಲಪ್ಪನವರ ಎದುರು. ಹಾಲಪ್ಪ 2004ರಲ್ಲಿ ಹೊಸನಗರದ ಶಾಸಕರು. ಮತ್ತೆ ಗಡಿಯ ಮಾತೇ ಬಂತು.

ಮುಳುಗಡೆಯನ್ನು ಎಲ್ಲದರಿಂದ ಬೇರೆಯಾಗಿ ನೋಡಬೇಕು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದು ಶರಾವತಿ ಕಣಿವೆಯ ಊರುಗಳು ನೀರಿಗೆ ಹೋದವು. ಅಲ್ಲಿನ ಜನ ಬೇರೆ ಬೇರೆ ಕಡೆ ಚದುರಿದರು. 1962 ಮತ್ತು 1967ರ ನಡುವೆ ಹೊಸ ಗಡಿಯೂ ಬಂತು, ಊರುಗಳೂ ಹೋದವು. ಎರಡರ ಪರಿಣಾಮವನ್ನು ಬಿಡಿಸಲು ಮುಳುಗಿದ ಗ್ರಾಮಗಳ ಪಟ್ಟಿಯನ್ನು 1961 ಮತ್ತು 1971ರ ಜನಗಣತಿಯ ಗ್ರಾಮಪಟ್ಟಿಗಳೊಂದಿಗೆ ತಾಳೆ ಹಾಕಬೇಕು. ಹಿನ್ನೀರಿನಾಚೆಯ ಕರೂರು, ಭಾರಂಗಿ ಹೋಬಳಿಗಳ ಮತಗಟ್ಟೆಗಳನ್ನು ನಾನು ಬೇರೆ ಹಾಳೆಯಲ್ಲೇ ಇಟ್ಟಿದ್ದೇನೆ. ಸಿಗಂದೂರು ಸೇತುವೆ 2025ರ ಜುಲೈನಲ್ಲಿ ತೆರೆಯುವವರೆಗೂ ತುಮರಿ ಕಡೆಯವರು ಸಾಗರಕ್ಕೆ ಬರಲು ಲಾಂಚ್ ಕಾಯುತ್ತಿದ್ದರು. ಸೇತುವೆಯ ನಂತರದ ಮೊದಲ ವಿಧಾನಸಭಾ ಚುನಾವಣೆಯ ನಮೂನೆ 20 ಬಂದಾಗ ತುಂಬಲು ಆ ಹಾಳೆಯಲ್ಲಿ ಒಂದು ಕಾಲಂ ಖಾಲಿ ಬಿಟ್ಟಿದ್ದೇನೆ.