ಒಣ ಸೆನ್ಸರ್, ಜೆಲ್ ಮತ್ತು ಎಣ್ಣೆ ಹಚ್ಚಿದ ತಲೆ: ಇಇಜಿ ದಾಖಲಿಸಿದ ನನ್ನ ಅನುಭವ

ಇಇಜಿ ಎಂದರೆ ನೆತ್ತಿಯ ಮೇಲೆ ಸೆನ್ಸರ್‌ಗಳನ್ನಿಟ್ಟು ಮಿದುಳಿನ ವಿದ್ಯುತ್ ಸಂಕೇತವನ್ನು ದಾಖಲಿಸುವುದು. ಜೆಲ್ ತುಂಬಿ ಬಳಸುವ ಸೆನ್ಸರ್‌ಗಳನ್ನೂ ಜೆಲ್ ಬೇಡದ ಒಣ ಸೆನ್ಸರ್‌ಗಳನ್ನೂ ಹೋಲಿಸಿ ನೋಡಲು ಹೊರಟಿದ್ದೆ. ಮೊದಲ ದಿನವೇ ಕೆಲಸ ಕೆಡಿಸಿದ್ದು ಕೊಬ್ಬರಿ ಎಣ್ಣೆ. ಪ್ರಯೋಗಕ್ಕೆ ಒಪ್ಪಿದ್ದ ಹುಡುಗಿ ತಲೆತುಂಬ ಎಣ್ಣೆ ಹಚ್ಚಿ, ಬಿಗಿಯಾಗಿ ಜಡೆ ಹೆಣೆದುಕೊಂಡು ಬಂದಿದ್ದಳು. ಬಾಚಣಿಗೆಯ ಹಲ್ಲಿನಂಥ ಮೊನೆಗಳಿರುವ ಒಣ ಸೆನ್ಸರ್‌ಗಳನ್ನು ಹಿಂದಲೆಗೆ ಎಷ್ಟು ಒತ್ತಿದರೂ ಪರದೆಯ ಮೇಲೆ ಮೂಡಿದ್ದು ಗೋಡೆಯ ವಿದ್ಯುತ್ತಿನ 50 ಹರ್ಟ್ಸ್ ಗದ್ದಲ ಮಾತ್ರ. ಮಿದುಳಿನ ಸಂಕೇತ ನೆತ್ತಿಯ ಚರ್ಮಕ್ಕೆ ಬರುವಷ್ಟರಲ್ಲಿ ಕೆಲವು ಹತ್ತು ಮೈಕ್ರೋವೋಲ್ಟ್‌ಗಳಷ್ಟೇ ಉಳಿದಿರುತ್ತದೆ. ನಡುವೆ ಎಣ್ಣೆಯ ಪದರವಿದ್ದರೆ ಕೈಗೆ ಸಿಗುವುದಿಲ್ಲ. ಅಂದಿನಿಂದ, ಹಿಂದಿನ ದಿನ ತಲೆಗೆ ಸ್ನಾನ ಮಾಡಿ ಎಣ್ಣೆ ಹಚ್ಚದೆ ಬನ್ನಿ ಎಂದು ಪ್ರತಿಯೊಬ್ಬರಿಗೂ ನಾನೇ ಫೋನ್ ಮಾಡಿ ಹೇಳುತ್ತೇನೆ.

ಜೆಲ್‌ಗೆ ತಾಳ್ಮೆ ಬೇಕು. ಟೇಪಿನಿಂದ ತಲೆಯನ್ನು ಅಳೆದು, ಕೂದಲನ್ನು ಬಿಡಿಸಿ, ಚರ್ಮವನ್ನು ಮೆಲ್ಲಗೆ ಉಜ್ಜಿ, ಮೊಂಡು ಸೂಜಿಯ ಸಿರಿಂಜಿನಿಂದ ಜೆಲ್ ತುಂಬಬೇಕು. ಇಂಪಿಡೆನ್ಸ್, ಅಂದರೆ ಚರ್ಮಕ್ಕೂ ಸೆನ್ಸರ್‌ಗೂ ನಡುವಿನ ವಿದ್ಯುತ್ ತಡೆ, 5 ಕಿಲೋ ಓಮ್‌ಗಿಂತ ಕೆಳಗಿಳಿಯುವವರೆಗೆ ಒಂದೊಂದನ್ನೂ ಸರಿಪಡಿಸುತ್ತ 21 ಎಲೆಕ್ಟ್ರೋಡ್ (ಸಂಕೇತ ಹಿಡಿಯುವ ಸೆನ್ಸರ್) ಮುಗಿಸಲು ನನಗೆ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ಜೆಲ್ ಹೆಚ್ಚಾದರೆ ಪಕ್ಕದ ಎಲೆಕ್ಟ್ರೋಡಿಗೆ ಹರಿದು ಎರಡೂ ಕಡೆ ಒಂದೇ ಗೆರೆ ಬರುತ್ತದೆ. ಒಣ ಸೆನ್ಸರ್‌ಗಳ ಟೋಪಿ ಐದು ನಿಮಿಷದಲ್ಲಿ ತಲೆಯ ಮೇಲಿರುತ್ತದೆ. ಆದರೆ ತಕ್ಷಣ ದಾಖಲಿಸಬಾರದು. ಹತ್ತು ನಿಮಿಷ ಸುಮ್ಮನೆ ಕೂರಿಸಿದರೆ ಚರ್ಮದ ತೇವವೇ ಮೊನೆಗಳ ಬುಡಕ್ಕೆ ಸೇರಿ ಗೆರೆ ತಾನಾಗಿ ಸ್ಥಿರವಾಗುತ್ತದೆ.

ನಿಜವಾಗಿ ತಲೆಕೆಡಿಸಿಕೊಂಡದ್ದು ಹೋಲಿಕೆ ಮಾಡುವ ಕ್ರಮದ ಬಗ್ಗೆ. ಎರಡನ್ನೂ ಒಂದೇ ಜಾಗದಲ್ಲಿ ಒಟ್ಟಿಗೆ ಇಡಲಾಗದು. ಮೊದಲು ಜೆಲ್ ಹಾಕಿದರೆ ಕೂದಲ ಬುಡ ಒದ್ದೆಯಾಗಿ, ಆಮೇಲಿನ ಒಣ ಸೆನ್ಸರ್ ಒಣದಾಗಿ ಉಳಿಯುವುದಿಲ್ಲ. ಒಣದ್ದನ್ನೇ ಮೊದಲು ಮಾಡಿದರೆ ಜೆಲ್ಲಿನ ಸರದಿ ಬರುವ ಹೊತ್ತಿಗೆ ಕುಳಿತವರಿಗೆ ತೂಕಡಿಕೆ, ತೂಕಡಿಸಿದರೆ ನಾನು ಅಳೆಯಬೇಕಾದ ಆಲ್ಫಾ, ಅಂದರೆ ಎಚ್ಚರವಾಗಿ ಕಣ್ಣು ಮುಚ್ಚಿ ಕೂತಾಗ ಏಳುವ ಮಿದುಳಿನ ಅಲೆಯೇ ಕುಗ್ಗುತ್ತದೆ. ಕೊನೆಗೆ ಒಬ್ಬೊಬ್ಬರನ್ನೂ ಎರಡು ದಿನ, ದಿನದ ಒಂದೇ ಹೊತ್ತಿಗೆ ಕರೆಸಿದೆ. ಅರ್ಧ ಜನರಿಗೆ ಮೊದಲ ದಿನ ಜೆಲ್, ಉಳಿದವರಿಗೆ ಮೊದಲ ದಿನ ಒಣ ಸೆನ್ಸರ್.

ಕಣ್ಣು ಮುಚ್ಚಿಸಿದಾಗ ಹಿಂದಲೆಯಲ್ಲಿ 8ರಿಂದ 13 ಹರ್ಟ್ಸ್ ನಡುವೆ ಏಳುವ ಆಲ್ಫಾ, ಜರ್ಮನ್ ಮನೋವೈದ್ಯ ಹಾನ್ಸ್ ಬರ್ಗರ್ 1929ರಲ್ಲಿ ವರ್ಣಿಸಿದ ಅದೇ ಅಲೆ, ಎರಡು ದಿನವೂ ಒಂದೇ ಜಾಗದಲ್ಲಿ ಎದ್ದು ನಿಂತಿತು. ನೋಡಿ ಬಹಳ ಸಂತೋಷವಾಯಿತು. ಆದರೆ 4 ಹರ್ಟ್ಸ್‌ಗಿಂತ ಕೆಳಗಿನ ನಿಧಾನದ ಅಲೆಗಳಲ್ಲಿ ಒಣ ಸೆನ್ಸರಿನ ಗೆರೆ ತೇಲಾಡುತ್ತಿತ್ತು. ಕತ್ತು ಹೊರಳಿಸಿದರೂ ಸಾಕು, ಆ ತುಣುಕನ್ನು ಎಸೆಯಬೇಕಾಗುತ್ತಿತ್ತು. ಹೀಗಾಗಿ ಆಲ್ಫಾ ಮಾತ್ರ ಬೇಕಾದ ಸಣ್ಣ ಪ್ರಯೋಗಗಳಿಗೆ ಈಗ ಒಣದ್ದನ್ನೇ ಬಳಸುತ್ತೇನೆ. ನಿದ್ರೆಯ ಅಧ್ಯಯನಕ್ಕೆ ಜೆಲ್ ಬಿಟ್ಟು ಬೇರೆ ಯೋಚನೆಯನ್ನೇ ಮಾಡುವುದಿಲ್ಲ.

ಒಣ ಸೆನ್ಸರಿನಲ್ಲಿ ಅರ್ಧ ಗಂಟೆ ದಾಟಿದರೆ ನೋವು ಶುರುವಾಗುತ್ತದೆ. ಹಿರಿಯರೊಬ್ಬರು ಏನೂ ಹೇಳದೆ ಕೊನೆಯವರೆಗೂ ಕುಳಿತಿದ್ದರು. ಟೋಪಿ ತೆಗೆದಾಗ ಅವರ ಹಣೆಯ ಮೇಲೆ ಮೊನೆಗಳ ಕೆಂಪು ಗುರುತು ಸಾಲಾಗಿ ಮೂಡಿತ್ತು. ಈಗ ಹತ್ತು ನಿಮಿಷಕ್ಕೊಮ್ಮೆ "ನೋಯುತ್ತಿದೆಯೇ?" ಎಂದು ಕೇಳಿ, ಉತ್ತರವನ್ನು ದಾಖಲೆ ಪುಸ್ತಕದಲ್ಲಿ ಬರೆದಿಡುತ್ತೇನೆ.